ತಂಗೂಸಿಯ ಹುರಿ ಬಿಚ್ಚಿಕೊಟ್ಟ ತುಂಗೆ

ಶಿವಮೊಗ್ಗದಿಂದ ಆಯನೂರು, ರಿಪ್ಪನ್‌ಪೇಟೆ ದಾಟಿ ಹೊಸನಗರದ ಕಡೆ ಹೊರಟೆವು. ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಹೋಗಬೇಕಾಗಿದ್ದು ಶರಾವತಿ ಹಿನ್ನೀರಿಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಇಲ್ಲಿನ ಎಷ್ಟೋ ಊರು, ಗದ್ದೆ, ತೋಟ ನೀರಿನಡಿ ಹೋದವು. ಮುಳುಗಿದ ಕಾಡಿನ ಬೋಳು ಮರಗಳು ಇವತ್ತಿಗೂ ಅಲ್ಲಲ್ಲಿ ನೀರಲ್ಲೇ ನಿಂತಿವೆ. ಅವುಗಳ ಬುಡದಲ್ಲಿ ಕೊರವ ಮೀನು ಅಡಗಿರುತ್ತೆ ಅಂತ ಗಾಳ ಹಾಕುವವರು ಅಲ್ಲೇ ಕಣ್ಣಿಡುತ್ತಾರೆ.

ಗೆಳೆಯನ ಭಾವನ ಮನೆ ಹಿನ್ನೀರಿಗೆ ಹತ್ತಿರ. ಅವರ ಹತ್ತಿರ ಮೀನು ಹಿಡಿಯುವ ಪರವಾನಗಿ ಇದೆ, ಸಣ್ಣದೊಂದು ದೋಣಿಯೂ ಇದೆ. ಬೆಳಿಗ್ಗೆ ಕಡುಬು ತಿಂದು ದೋಣಿ ಹತ್ತಿದೆವು.

ಗೆಳೆಯನ ಕೈಯಲ್ಲಿ ಹೊಸ ಸ್ಪಿನ್ನಿಂಗ್ ರೀಲು. ಅದಕ್ಕೆ ತಂಗೂಸಿ, ಅಂದರೆ ಗಾಳದ ನೈಲಾನ್ ದಾರ, ಸುತ್ತಿ ಕೊಟ್ಟಿದ್ದು ಅಂಗಡಿಯವರೇ. ಮೊದಲ ಕೆಲವು ಎಸೆತ ಚೆನ್ನಾಗಿಯೇ ಹೋದವು. ಆಮೇಲೆ ಶುರುವಾಯಿತು ನೋಡಿ. ದಾರ ಚೂರು ಸಡಿಲವಾದರೆ ಸಾಕು, ತನ್ನಷ್ಟಕ್ಕೆ ತಾನೇ ಹೊಸೆದುಕೊಂಡು ಸಣ್ಣ ಸಣ್ಣ ಕುಣಿಕೆ ಏಳುತ್ತಿತ್ತು. ಮುಂದಿನ ಎಸೆತದಲ್ಲಿ ಆ ಕುಣಿಕೆಗಳೆಲ್ಲ ಒಟ್ಟಿಗೆ ಕಿತ್ತುಬಂದು ಕೋಲಿನ ಮೊದಲ ರಿಂಗಿನಲ್ಲೇ ಸಿಕ್ಕು. ನೀರಿನಿಂದ ಮೇಲೆತ್ತಿದರೆ ತುದಿಯ ಸ್ಪಿನ್ನರ್ (ಮೀನನ್ನು ಸೆಳೆಯಲು ಕಟ್ಟುವ, ತಿರುಗುವ ತಗಡಿನ ಕೃತಕ ಎರೆ) ಗಾಳಿಯಲ್ಲಿ ಗಿರಗಿರ ತಿರುಗುತ್ತಿತ್ತು. ದಾರಕ್ಕೆ ಹುರಿ ಏರಿದೆ ಅನ್ನೋದಕ್ಕೆ ಬೇರೆ ಗುರುತು ಬೇಡ.

ಸ್ಪಿನ್ನಿಂಗ್ ರೀಲಿನಲ್ಲಿ ಸುತ್ತುವಾಗ ದಾರದ ಉರುಳೆ ತಿರುಗುವುದಿಲ್ಲ. ಅದರ ಸುತ್ತ ಬೇಲ್ ಎನ್ನುವ ಕಂಬಿ ತಿರುಗಿ ದಾರ ಸುತ್ತುತ್ತದೆ. ಹಾಗಾಗಿ ಅಂಗಡಿಯ ಉರುಳೆಯಿಂದ ದಾರ ಬಿಚ್ಚಿಕೊಳ್ಳುವ ದಿಕ್ಕಿಗೂ ಬೇಲ್ ಸುತ್ತುವ ದಿಕ್ಕಿಗೂ ಹೊಂದಿಕೆ ಇಲ್ಲದಿದ್ದರೆ ಮೊದಲ ದಿನವೇ ಹುರಿ ಒಳಗೆ ಸೇರಿಬಿಡುತ್ತೆ. ಇದನ್ನು ನೋಡಿಕೊಳ್ಳೋದು ಬಹಳ ಸುಲಭ. ಅಂಗಡಿಯ ಹೊಸ ಉರುಳೆಯನ್ನು ಅದರ ಚೀಟಿ ಮೇಲೆ ಬರುವ ಹಾಗೆ ನೆಲದ ಮೇಲೆ ಮಲಗಿಸಿ. ದಾರವನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಹತ್ತು ಹದಿನೈದು ಸುತ್ತು ಸುತ್ತಿ. ಈಗ ಕೋಲಿನ ತುದಿಯನ್ನು ಉರುಳೆ ಕಡೆ ಬಾಗಿಸಿ ದಾರ ಸಡಿಲ ಬಿಡಿ. ಸುಮ್ನೆ ಜೋತುಬಿದ್ದರೆ ಸರಿ, ಹೊಸೆದುಕೊಂಡರೆ ಉರುಳೆ ಮಗುಚಿ ಹಾಕಿ. ರೀಲಿನ ಉರುಳೆಯನ್ನು ಪೂರ್ತಿ ಅಂಚಿನವರೆಗೂ ತುಂಬಬಾರದು, ಎರಡು ಮೂರು ಮಿಲಿಮೀಟರ್ ಬಿಡಬೇಕು. ಅಂಗಡಿಯಲ್ಲಿ ಅವಸರದಲ್ಲಿ ಇದನ್ನೆಲ್ಲ ಯಾರು ನೋಡ್ತಾರೆ? ಎದುರಿಗೆ ನಿಂತು ಸುತ್ತಿಸಿಕೊಳ್ಳಬೇಕು, ಇಲ್ಲವೇ ಮನೆಯಲ್ಲೇ ಸುತ್ತಿಕೊಳ್ಳಬೇಕು.

ಇಷ್ಟು ಮಾತಾಡುವಾಗಲೇ ಒಂದು ಕೊರವ ಕಚ್ಚಿತು. ಮೀನು ಮರದ ಬುಡಕ್ಕೆ ನುಗ್ಗುತ್ತಿದೆ, ರೀಲಿನ ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರ ಜಾರಲು ಬಿಡುವ ಬ್ರೇಕು) ಕಿರ್‌ರ್ ಅಂತ ದಾರ ಬಿಡುತ್ತಿದೆ, ಗೆಳೆಯ ಹಿಡಿಕೆ ತಿರುಗಿಸುತ್ತಲೇ ಇದ್ದಾನೆ. 'ಕೈ ನಿಲ್ಸೋ ಮಾರಾಯ!' ಅಂತ ಭಾವ ಕೂಗಿದರು. ಡ್ರ್ಯಾಗ್ ಜಾರುವಾಗ ಹಿಡಿಕೆ ತಿರುಗಿಸಿದರೆ ದಾರ ಒಳಗೆ ಬರುವುದಿಲ್ಲ, ಬೇಲ್ ಮಾತ್ರ ಸುತ್ತುತ್ತದೆ. ಗೇರ್ ಅನುಪಾತ 5:1 ಇರುವ, ಅಂದರೆ ಹಿಡಿಕೆ ಒಂದು ಸುತ್ತಿದರೆ ಬೇಲ್ ಐದು ಸುತ್ತುವ ರೀಲಾದರೆ ಹಿಡಿಕೆಯ ಒಂದೊಂದು ಸುತ್ತಿಗೂ ದಾರಕ್ಕೆ ಐದೈದು ಹುರಿ. ಅರ್ಧ ನಿಮಿಷದ ಗಾಬರಿಯಲ್ಲಿ ನೂರಾರು ಹುರಿ ಏರಿಬಿಡುತ್ತವೆ. ಮೀನು ಓಡುವಾಗ ಓಡಲಿ ಅಂತ ಬಿಡಬೇಕು. ಅದು ನಿಂತಾಗ ಕೋಲನ್ನು ನಿಧಾನ ಮೇಲೆತ್ತಬೇಕು, ಕೆಳಗೆ ಇಳಿಸುತ್ತಾ ಸುತ್ತಬೇಕು. ಗೆಳೆಯ ಹಾಗೇ ಮಾಡಿದ, ಮೀನು ದೋಣಿಗೆ ಬಂತು. ದಾರ ಮಾತ್ರ ಇನ್ನಷ್ಟು ಹದಗೆಟ್ಟಿತ್ತು.

ಭಾವ ಸ್ಪಿನ್ನರ್ ಬಿಚ್ಚಿಸಿದರು. ಬರೀ ದಾರವನ್ನು ದೋಣಿಯ ಹಿಂದೆ ಐವತ್ತು ಅರವತ್ತು ಮೀಟರ್ ಬಿಟ್ಟು ಹುಟ್ಟು ಹಾಕಿದರು. ತುದಿಯಲ್ಲಿ ಏನೂ ಇಲ್ಲದಿದ್ದರೆ ನೀರಿನ ಎಳೆತಕ್ಕೆ ದಾರ ತಾನೇ ತಿರುಗಿ ಹುರಿ ಬಿಡುತ್ತದೆ. ಆದರೆ ಬೋಳು ಮರಗಳ ನಡುವೆ ದೋಣಿ ನೆಟ್ಟಗೆ ಓಡಬೇಕಲ್ಲ. ಅರ್ಧ ಹುರಿ ಹೋಯಿತು, ಅರ್ಧ ಉಳಿಯಿತು.

ಮಾರನೇ ದಿನ ತೀರ್ಥಹಳ್ಳಿ ಮೇಲೆ ವಾಪಸ್. ತುಂಗೆಯ ದಡದ ಮೀನುಧಾಮ ಚಿಬ್ಬಲಗುಡ್ಡೆಗೂ ಹೋಗಿಬಂದೆವು. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ, ಹಿಡಿಯಲೂಬಾರದು. ಮೆಟ್ಟಿಲ ಹತ್ತಿರವೇ ಬರುವ ಆ ದೊಡ್ಡ ಮೀನುಗಳನ್ನು ನೋಡುವುದೇ ಒಂದು ಸುಖ.

ತೀರ್ಥಹಳ್ಳಿಯಿಂದ ಈಚೆಗೆ ಬಂದ ಮೇಲೆ ಹೊಳೆ ಚೆನ್ನಾಗಿ ಹರಿಯುವ ಒಂದು ಕಡೆ ಇಳಿದೆವು. ಗಾಳವಿಲ್ಲ, ಸೀಸವಿಲ್ಲ, ಬರೀ ದಾರವನ್ನು ನೀರಿಗೆ ಬಿಟ್ಟೆವು. ತುಂಗೆ ಅದನ್ನು ಎಳೆದುಕೊಂಡು ಹೋಯಿತು. ಗೆಳೆಯ ಐದಾರು ನಿಮಿಷ ಹಾಗೇ ಹಿಡಿದು, ಎರಡು ಬೆರಳ ನಡುವೆ ಒತ್ತಿಕೊಂಡು ವಾಪಸ್ ಸುತ್ತಿದ. ಸಡಿಲ ಬಿಟ್ಟು ನೋಡಿದರೆ ದಾರ ನೆಟ್ಟಗೆ ಜೋತುಬಿತ್ತು. ತುದಿಯ ಒಂದು ಮಾರು ಮಾತ್ರ ಗಂಟು ಬಿದ್ದು ಹಾಳಾಗಿತ್ತು. ಕತ್ತರಿಸಿ ಜೇಬಿಗೆ ಹಾಕಿಕೊಂಡ.

ಮುಂದೆ ಮಂಡಗದ್ದೆ. ಹೊಳೆ ನಡುವಿನ ಕುದುರುಗಳ ಮರಗಳಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ನಾವು ಹೋದಾಗ ಅವುಗಳ ಕಾಲ ಮುಗಿಯುತ್ತಾ ಬಂದಿತ್ತು. ಹುರಿ ಬಿದ್ದ ತಂಗೂಸಿಯನ್ನು ಜನ ಕೊಯ್ದು ದಡದಲ್ಲೇ ಎಸೆದು ಹೋಗುತ್ತಾರೆ. ನೈಲಾನ್ ವರ್ಷಗಟ್ಟಲೆ ಕೊಳೆಯುವುದಿಲ್ಲ. ಹಕ್ಕಿಯ ಕಾಲಿಗೆ, ರೆಕ್ಕೆಗೆ ಸುತ್ತಿಕೊಂಡರೆ ಅದರ ಕಥೆ ಮುಗಿಯಿತು. ಹುರಿ ಏರದ ಹಾಗೆ ನೋಡಿಕೊಳ್ಳಿ ಅಂತ ನಾನು ಇಷ್ಟು ಒತ್ತಿ ಹೇಳೋದು ಮೀನಿಗಿಂತ ಜಾಸ್ತಿ ಈ ಹಕ್ಕಿಗಳಿಗಾಗಿ.

ಸಕ್ರೆಬೈಲು, ಗಾಜನೂರು ದಾಟುವಾಗ ಗೆಳೆಯ ಪಟ್ಟಿ ಮಾಡುತ್ತಿದ್ದ. ಸ್ಪಿನ್ನರ್‌ಗೆ ಮುಂಚೆ ಕಟ್ಟಲು ಬಾಲ್ ಬೇರಿಂಗ್ ಇರುವ ಸ್ವಿವೆಲ್, ಅಂದರೆ ಸ್ಪಿನ್ನರ್ ತಿರುಗಿದರೂ ದಾರಕ್ಕೆ ಹುರಿ ಏರದಂತೆ ತಡೆಯುವ ತಿರುಗುಕೊಂಡಿ, ಬೇಕು. ಬೇಲ್ ಮೇಲಿನ ಪುಟ್ಟ ರೋಲರ್‌ನಲ್ಲಿ ಮರಳು ಸೇರಿದೆ, ತೊಳೆದು ಒಂದು ತೊಟ್ಟು ಎಣ್ಣೆ ಬಿಡಬೇಕು. ಎಸೆದ ಮೇಲೆ ಬೇಲನ್ನು ಹಿಡಿಕೆ ತಿರುಗಿಸಿ ಮುಚ್ಚದೆ ಕೈಯಿಂದಲೇ ಮುಚ್ಚಿ, ದಾರ ಒಮ್ಮೆ ಬಿಗಿ ಮಾಡುವುದನ್ನು ರೂಢಿಸಿಕೊಳ್ಳಬೇಕು. ಎರೆಹುಳವನ್ನು ಗಾಳಕ್ಕೆ ಗುಡ್ಡೆ ಹಾಕದೆ ನೆಟ್ಟಗೆ ಪೋಣಿಸಬೇಕು, ಇಲ್ಲದಿದ್ದರೆ ಎಳೆಯುವಾಗ ಅದೂ ಫ್ಯಾನಿನ ಹಾಗೆ ತಿರುಗುತ್ತೆ. ಅಂಗಡಿ ಮುಚ್ಚುವ ಮುಂಚೆ ಶಿವಮೊಗ್ಗ ಸೇರಿದೆವು, ಸ್ವಿವೆಲ್ ಸಿಕ್ಕಿತು.