ಹಳೆಯ ಡೈವಿಂಗ್ ಸಾಮಾನು ಕೊಳ್ಳುವಾಗ ನಾನು ಮೊದಲು ಕೇಳುವ ಪ್ರಶ್ನೆ

"ಇದನ್ನ ಹೇಗೆ ತೊಳೀತಿದ್ರಿ?"

ಯಾರಾದರೂ ಸ್ಕೂಬಾ ಬ್ಯಾಗ್ ತಂದು ಟೇಬಲ್ ಮೇಲೆ ಇಟ್ಟರೆ ನಾನು ಮೊದಲು ಕೇಳೋದು ಇದನ್ನೇ. ಯಾವ ಕಂಪನಿ, ಎಷ್ಟಕ್ಕೆ ತಂದಿರಿ, ಬಿಲ್ ಇದೆಯಾ, ಅದೆಲ್ಲ ಆಮೇಲೆ. ಈ ಪ್ರಶ್ನೆ ಕಲಿಯೋದಕ್ಕೆ ನನಗೆ ಒಂದು ದೊಡ್ಡ ತಪ್ಪು ಬೇಕಾಯಿತು. ಅದನ್ನು ಇಲ್ಲಿ ಹೇಳುತ್ತೇನೆ.

ನಾನು ಕೆಲಸ ಮಾಡೋದು ಮೈಸೂರಿನ ಅಗ್ರಹಾರದ ಹತ್ತಿರದ ಒಂದು ಚಿಕ್ಕ ಅಂಗಡಿಯಲ್ಲಿ. ಟೆಂಟು, ಸೈಕಲ್ಲು, ಟ್ರೆಕ್ಕಿಂಗ್ ಸಾಮಾನು ಎಲ್ಲ ಹಳೆಯದನ್ನು ಕೊಂಡು, ಸರಿಮಾಡಿ ಮಾರುತ್ತೇವೆ. ಡೈವಿಂಗ್ ವಿಭಾಗ ನನ್ನದು. ಸಮುದ್ರವೇ ಇಲ್ಲದ ಊರಲ್ಲಿ ಇದನ್ನೆಲ್ಲ ಯಾರು ತರುತ್ತಾರೆ ಅಂತ ಬಹಳ ಜನ ಕೇಳುತ್ತಾರೆ. ತುಂಬಾ ಜನ ತರುತ್ತಾರೆ. ಸಾಫ್ಟ್‌ವೇರ್ ಕಂಪನಿಯ ಹುಡುಗ ಹುಡುಗಿಯರು ಅಂಡಮಾನ್‌ಗೆ ಹೋಗಿ ಕೋರ್ಸ್ ಮಾಡಿ, ಅದೇ ಖುಷಿಯಲ್ಲಿ ಒಂದು ಸೆಟ್ ಕೊಳ್ಳುತ್ತಾರೆ. ಆಮೇಲೆ ಮದುವೆ, ಮಗು, ಮನೆ ಸಾಲ. ಬ್ಯಾಗು ಅಟ್ಟ ಸೇರುತ್ತದೆ. ಗೋಕುಲಂಗೆ ಯೋಗ ಕಲಿಯೋಕೆ ಬಂದ ವಿದೇಶದವರು ಊರಿಗೆ ಹೋಗುವಾಗ ಭಾರ ಅಂತ ಮಾರಿ ಹೋಗುತ್ತಾರೆ. ಕೊಳ್ಳುವವರು ಹೆಚ್ಚಾಗಿ ನೇತ್ರಾಣಿಗೆ ಹೋಗುವವರು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ಆ ದ್ವೀಪದಲ್ಲಿ ಮಳೆಗಾಲದಲ್ಲಿ ಡೈವಿಂಗ್ ನಿಂತಿರುತ್ತದೆ. ಹಾಗಾಗಿ ಗಣೇಶನ ಹಬ್ಬ ಮುಗಿಯಿತು ಅಂದರೆ ನಮಗೆ ಫೋನ್ ಜಾಸ್ತಿ.

ನಮ್ಮ ಯಜಮಾನರು ಹಿಂದೆ ನೌಕಾಪಡೆಯಲ್ಲಿ ಡೈವರ್ ಆಗಿದ್ದವರು. ಮಾತು ಕಡಿಮೆ. ನಾನು ಸೇರಿದ ಮೊದಲ ವರ್ಷ ಅವರು ಹೇಳಿದ್ದೆಲ್ಲ ನನಗೆ ಅತಿ ಜಾಗ್ರತೆ ಅನ್ನಿಸುತ್ತಿತ್ತು.

ಆ ವರ್ಷ ಒಂದು ರೆಗ್ಯುಲೇಟರ್ ಬಂತು. ಸಿಲಿಂಡರಿನ ಗಾಳಿಯನ್ನು ಉಸಿರಾಡೋಕಾಗುವ ಹಾಗೆ ಬಾಯಿಗೆ ತಲುಪಿಸುವ ಸಾಧನ ಅದು. ನೋಡೋಕೆ ಹೊಸದರ ಹಾಗೇ ಇತ್ತು. ಒಂದು ಗೀರೂ ಇರಲಿಲ್ಲ. ತಂದವರು "ಬರೀ ಹದಿನೈದು ಡೈವ್ ಆಗಿದೆ" ಅಂದರು. ಸುಳ್ಳು ಹೇಳಿರಲಿಲ್ಲ. ಸಿಲಿಂಡರ್‌ಗೆ ಹಾಕಿದೆ, ಬಾಯಿಯ ಭಾಗದ ಗುಂಡಿ ಒತ್ತಿದೆ, ಗಾಳಿ ಬಂತು. ಬಿಟ್ಟೆ, ನಿಂತಿತು. ನಾಲ್ಕು ಸಲ ಉಸಿರೆಳೆದೆ, ಸಲೀಸಾಗಿತ್ತು. ಒಟ್ಟು ಅರ್ಧ ನಿಮಿಷ. ಮಂಡ್ಯದ ಒಬ್ಬರು ಮೇಷ್ಟ್ರಿಗೆ ಮಾರಿದೆ.

ಮೂರು ವಾರದ ಮೇಲೆ ಒಂದು ಸಂಜೆ ಅವರ ಫೋನ್ ಬಂತು. "ಅಮ್ಮಾ, ಇವತ್ತು ಹತ್ತು ಮೀಟರ್ ಕೆಳಗೆ ಇದ್ದಾಗ ನೀವು ಕೊಟ್ಟಿದ್ದು ಬುಸ್ಸಂತ ಗಾಳಿ ಬಿಡೋಕೆ ಶುರು ಮಾಡ್ತು. ನಿಲ್ಲಲೇ ಇಲ್ಲ." ಜೊತೆಗಿದ್ದ ತರಬೇತುದಾರರು ತಮ್ಮ ಎರಡನೇ ಮೌತ್‌ಪೀಸ್ ಅವರ ಬಾಯಿಗೆ ಕೊಟ್ಟು, ನಿಧಾನವಾಗಿ ಮೇಲೆ ಕರೆದುಕೊಂಡು ಬಂದಿದ್ದರು. ಏನೂ ಆಗಿರಲಿಲ್ಲ. ಮೇಷ್ಟ್ರು ಒಂದು ಗಟ್ಟಿ ಮಾತೂ ಆಡಲಿಲ್ಲ. "ನೋಡಿ, ಇನ್ನೊಬ್ಬರಿಗೆ ಹೀಗಾಗಬಾರದು" ಅಂದರು ಅಷ್ಟೇ. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ.

ಯಜಮಾನರು ದುಡ್ಡು ವಾಪಸ್ ಕೊಟ್ಟರು, ದೋಣಿಯ ಖರ್ಚೂ ಕೊಟ್ಟರು. ಆಮೇಲೆ ನನ್ನನ್ನು ಕೂರಿಸಿಕೊಂಡು ಅದನ್ನು ಬಿಚ್ಚಿದರು.

ಒಳಗೆ ಏನು ಆಗುತ್ತದೆ ಅನ್ನೋದನ್ನು ಸ್ವಲ್ಪ ಹೇಳಬೇಕು. ಕಾರಿನ ಟೈರಿನಲ್ಲಿ ಎರಡು ಬಾರ್‌ಗಿಂತ ಸ್ವಲ್ಪ ಜಾಸ್ತಿ ಒತ್ತಡ ಇರುತ್ತದೆ. ಡೈವಿಂಗ್‌ನಲ್ಲಿ ಸಾಮಾನ್ಯವಾಗಿ ಬಳಸುವ ಅಲ್ಯುಮಿನಿಯಂ ಸಿಲಿಂಡರ್‌ನಲ್ಲಿ ತುಂಬಿದಾಗ 207 ಬಾರ್. ಅದನ್ನು ನೇರ ಬಾಯಿಗೆ ಬಿಡೋಕಾಗಲ್ಲ. ರೆಗ್ಯುಲೇಟರಿನ ಮೊದಲ ಹಂತ ಅದನ್ನು ಸುಮಾರು 9-10 ಬಾರ್‌ಗೆ ಇಳಿಸುತ್ತದೆ. ಬಾಯಲ್ಲಿ ಇರುವ ಎರಡನೇ ಹಂತ, ಸುತ್ತಲಿನ ನೀರು ಎಷ್ಟು ಒತ್ತುತ್ತಿದೆಯೋ ಅಷ್ಟೇ ಒತ್ತಡದಲ್ಲಿ ಉಸಿರು ಕೊಡುತ್ತದೆ. ಪ್ರತಿ ಹತ್ತು ಮೀಟರ್ ಆಳಕ್ಕೆ ವಾತಾವರಣದ ಒಂದರಷ್ಟು ಒತ್ತಡ ಸೇರುತ್ತಾ ಹೋಗುತ್ತದೆ. ಮಳೆಗಾಲದಲ್ಲಿ ನಾವೆಲ್ಲ ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ ನೋಡುತ್ತೀವಲ್ಲ, 124.80 ಅಡಿ ಅಂದರೆ 38 ಮೀಟರ್. ಅಷ್ಟು ನೀರಿನ ಕೆಳಗೆ ಮೈಮೇಲೆ ಇರೋದು ದಡದಲ್ಲಿ ಇರುವುದರ ಹತ್ತಿರ ಹತ್ತಿರ ಐದು ಪಟ್ಟು ಒತ್ತಡ. ಅಲ್ಲಿ ಮನುಷ್ಯನಿಗೆ ಉಸಿರು ಕೊಡುತ್ತಿರೋದು ಕೆಲವು ರಬ್ಬರ್ ಬಳೆಗಳು, ಒಂದು ಸ್ಪ್ರಿಂಗು ಮತ್ತು ಕಾಳಿನಷ್ಟು ದೊಡ್ಡ ಒಂದು ಪ್ಲಾಸ್ಟಿಕ್ ಸೀಟು, ಅಂದರೆ ಗಾಳಿಯ ದಾರಿಯನ್ನು ಮುಚ್ಚುವ ಬಿರಡೆ.

(ಈಗಿನ ಡೈವಿಂಗ್ ರೆಗ್ಯುಲೇಟರುಗಳ ಮೂಲವನ್ನು ಮಾಡಿದ್ದು 1943ರಲ್ಲಿ, ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್. ಯುದ್ಧದ ಕಾಲದಲ್ಲಿ ಪೆಟ್ರೋಲ್ ಸಿಗದೆ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸೋಕೆ ಗಾನ್ಯಾನ್ ಮಾಡಿದ್ದ ವಾಲ್ವ್‌ನಿಂದ ಇದು ಹುಟ್ಟಿತು. ಮೊದಲ ಪರೀಕ್ಷೆ ಸಮುದ್ರದಲ್ಲಿ ನಡೆಯಲಿಲ್ಲ, ಮಾರ್ನ್ ಅನ್ನೋ ನದಿಯಲ್ಲಿ ನಡೆಯಿತು. ಹೊಳೆಯ ಪಕ್ಕ ಬೆಳೆದ ನನಗೆ ಇದು ತುಂಬಾ ಇಷ್ಟದ ವಿಷಯ.)

ಮೇಷ್ಟ್ರ ರೆಗ್ಯುಲೇಟರಿನ ಆ ಸೀಟಿನಲ್ಲಿ ಆಳವಾದ ಗೆರೆ ಬಿದ್ದಿತ್ತು. ಗಾಳಿ ಒಳಗೆ ಬರುವ ಜಾಗದ ಫಿಲ್ಟರ್ ಹಸಿರಾಗಿತ್ತು. ಹಸಿರು ಅಂದರೆ ಉಪ್ಪುನೀರು ಒಳಗೆ ಹೋಗಿ ಲೋಹ ಕಿಲುಬು ಹಿಡಿದಿದೆ ಅಂತ. ಸೀಟು ಪೂರ್ತಿ ಮುಚ್ಚದೆ ಇದ್ದಾಗ ಹತ್ತು ಬಾರ್ ಇರಬೇಕಾದ ಒತ್ತಡ ನಿಧಾನವಾಗಿ ಏರುತ್ತದೆ. ಹನ್ನೊಂದು, ಹನ್ನೆರಡು, ಹದಿಮೂರು. ಕೊನೆಗೆ ಎರಡನೇ ಹಂತ ತಡೆಯಲಾರದೆ ಬಾಯಿ ತೆರೆಯುತ್ತದೆ. ಇದು ಅರ್ಧ ನಿಮಿಷದಲ್ಲಿ ಕಾಣಲ್ಲ. ಯಜಮಾನರು ಮಧ್ಯದ ಹೋಸಿಗೆ ಒಂದು ಚಿಕ್ಕ ಗೇಜ್ ಹಾಕಿ, "ಹೋಗಮ್ಮ, ಟೀ ಕುಡಿದು ಬಾ, ಆಮೇಲೆ ಮುಳ್ಳು ನೋಡು" ಅಂದರು. ಬಂದು ನೋಡಿದೆ. ಮುಳ್ಳು ಸರಿದಿತ್ತು.

ಹದಿನೈದೇ ಡೈವ್ ಆದ ಸಾಮಾನಿಗೆ ಹೀಗೇಕಾಯಿತು? ತಂದವರಿಗೆ ಫೋನ್ ಮಾಡಿ ಕೇಳಿದೆ. ಪಾಪ, ಅವರು ಪ್ರತಿ ಸಲ ತಪ್ಪದೆ ತೊಳೆದಿದ್ದರು. ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಂಡಿ ಒತ್ತಿ ಒತ್ತಿ ತೊಳೆದಿದ್ದರು. ಮೊದಲ ಹಂತದ ಮುಚ್ಚಳ ಹಾಕಿರಲಿಲ್ಲ. ಸಿಲಿಂಡರ್ ಇಲ್ಲದಾಗ ಗುಂಡಿ ಒತ್ತಿದರೆ ಬಾಗಿಲು ತೆರೆದ ಹಾಗೆ, ಉಪ್ಪು ಕರಗಿದ ಆ ಬಕೆಟ್ ನೀರು ಹೋಸಿನ ಮೂಲಕ ಸೀದಾ ಒಳಗೆ. ಆಮೇಲೆ ಎರಡು ವರ್ಷ ಅಟ್ಟದ ಮೇಲೆ.

ಅವತ್ತಿನಿಂದ "ತೊಳೆದಿದ್ದೀರಾ" ಅನ್ನೋದನ್ನು ಬಿಟ್ಟು "ಹೇಗೆ ತೊಳೆದಿರಿ" ಅಂತ ಕೇಳೋಕೆ ಶುರು ಮಾಡಿದೆ. ಉತ್ತರವನ್ನು ಸುಮ್ನೆ ಕೇಳಿಸಿಕೊಳ್ಳುತ್ತೇನೆ, ಮಧ್ಯೆ ಮಾತಾಡಲ್ಲ. ಒಬ್ಬರು ಡಾಕ್ಟರಮ್ಮ ಬಂದಿದ್ದರು. "ಮೊದಲು ಮುಚ್ಚಳ ಒರೆಸಿ ಹಾಕ್ತೀನಿ, ಸಿಹಿನೀರಲ್ಲಿ ನೆನೆಸ್ತೀನಿ, ಗುಂಡಿ ಮುಟ್ಟಲ್ಲ, ನೆರಳಲ್ಲಿ ನೇತು ಹಾಕ್ತೀನಿ" ಅಂತ ಅಡುಗೆ ಹೇಳಿಕೊಟ್ಟ ಹಾಗೆ ಹೇಳಿದರು. ಅವರ ಸೆಟ್ ಏಳು ವರ್ಷ ಹಳೆಯದು, ಬಣ್ಣ ಮಾಸಿತ್ತು. ಗೇಜ್ ಮುಳ್ಳು ಅಲ್ಲಾಡಲಿಲ್ಲ. ಅವರು ಕೇಳಿದ್ದಕ್ಕಿಂತ ಎರಡು ಸಾವಿರ ಜಾಸ್ತಿ ಕೊಟ್ಟೆವು. ಯಜಮಾನರೇ ಕೊಡು ಅಂದರು.

ಇನ್ನೊಬ್ಬರು ಓ-ರಿಂಗ್, ಅಂದರೆ ಒಳಗಿನ ಆ ರಬ್ಬರ್ ಬಳೆ, ಒಣಗಿದೆ ಅಂತ ತೆಂಗಿನೆಣ್ಣೆ ಹಚ್ಚಿದ್ದರು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಆ ಎಣ್ಣೆ ಉಸಿರಿನ ದಾರಿಯಲ್ಲೇ ಇರುತ್ತದೆ. ಆಮ್ಲಜನಕ ಜಾಸ್ತಿ ಇರುವ ಗಾಳಿಯನ್ನು ಹೆಚ್ಚು ಒತ್ತಡದಲ್ಲಿ ಬಿಟ್ಟರೆ ಎಣ್ಣೆ ಹೊತ್ತಿಕೊಳ್ಳಲೂಬಹುದು.

ಹಳೆಯ ಸಾಮಾನು ಕೊಳ್ಳುವವರು ಮನೆಯಲ್ಲೇ ಮಾಡಬಹುದಾದ ಕೆಲವು ಪರೀಕ್ಷೆ ಇವೆ. ರೆಗ್ಯುಲೇಟರಿನ ಮುಚ್ಚಳ ಭದ್ರವಾಗಿ ಹಾಕಿ, ಸಿಲಿಂಡರ್ ಇಲ್ಲದೆ ಮೆಲ್ಲಗೆ ಉಸಿರೆಳೆಯಿರಿ. ಗಾಳಿ ಬರಬಾರದು. ಬಂದರೆ ಎಲ್ಲೋ ರಬ್ಬರ್ ಪೊರೆ ಹರಿದಿದೆ ಅಂತ ಅರ್ಥ, ಅಲ್ಲಿಂದ ನೀರೂ ಬರುತ್ತದೆ. ನೀರಿನಲ್ಲಿ ತೇಲೋಕೆ ಗಾಳಿ ತುಂಬಿಕೊಳ್ಳುವ ಬಿಸಿಡಿ ಜಾಕೆಟ್ಟಿಗೆ ಗಟ್ಟಿಯಾಗೋವರೆಗೆ ಗಾಳಿ ಊದಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಬೇಡ. ಒಳಗೆ ಸ್ವಲ್ಪ ನೀರು ಹಾಕಿ ಕುಲುಕಿ, ಬಿಳಿ ತಟ್ಟೆಯಲ್ಲಿ ಸುರಿದು ಬಿಸಿಲಿಗಿಡಿ. ಒಣಗಿದ ಮೇಲೆ ಬಿಳಿ ಹರಳು ಉಳಿದರೆ ಅದು ಉಪ್ಪು. ಆ ಹರಳು ಒಳಚೀಲವನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಮಾಸ್ಕ್, ಫಿನ್ ಇವಕ್ಕೆ ಇಷ್ಟು ಯೋಚನೆ ಬೇಡ. ಮುಖಕ್ಕೆ, ಕಾಲಿಗೆ ಸರಿಯಾಗಿ ಕೂತರೆ ಆಯಿತು. ವೆಟ್‌ಸೂಟ್ ಹಿಂಡಿ ನೋಡಿ. ತೆಳ್ಳಗಾಗಿ ರಟ್ಟಿನ ಹಾಗಿದ್ದರೆ ಅದು ಇನ್ನು ಬೆಚ್ಚಗಿಡಲ್ಲ.

ಸಿಲಿಂಡರ್ ಮಾತ್ರ ನಾವು ಕೊಳ್ಳೋದೂ ಇಲ್ಲ, ಮಾರೋದೂ ಇಲ್ಲ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಅನುಮೋದನೆ ಇರುವ ಸಿಲಿಂಡರನ್ನೇ ತುಂಬಬೇಕು, ಕಾಲಕಾಲಕ್ಕೆ ನೀರಿನ ಒತ್ತಡದ ಪರೀಕ್ಷೆ ಆಗಿರಬೇಕು. ಆದರೂ ಜನ ಸೆಟ್ಟಿನ ಜೊತೆ ತರುತ್ತಾರೆ. ಕುವೆಂಪುನಗರದ ಒಬ್ಬ ಹುಡುಗ ತಂದಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನವಿಲಿನ ಕತ್ತಿನ ನೀಲಿ ಬಣ್ಣ, ಕನ್ನಡಿಯಂಥ ಹೊಳಪು. ಹೆಗಲಿನ ಮೇಲೆ ಕೆತ್ತಿದ ಅಕ್ಷರದ ಸಂದಿಯಲ್ಲೂ ಬಣ್ಣ ತುಂಬಿಕೊಂಡು ಪರೀಕ್ಷೆಯ ತಾರೀಕು ಓದೋಕಾಗುತ್ತಿರಲಿಲ್ಲ.

"ಬಣ್ಣ ಎಲ್ಲಿ ಮಾಡಿಸಿದೆ?" ಅಂದೆ.

"ಪೌಡರ್ ಕೋಟಿಂಗ್ ಅಕ್ಕ. ಇಂಡಸ್ಟ್ರಿಯಲ್ ಏರಿಯಾದಲ್ಲಿ. ಚೆನ್ನಾಗಿದ್ರೆ ಒಳ್ಳೆ ರೇಟ್ ಬರುತ್ತೆ ಅಂತ."

ನನ್ನ ಕೈ ತಣ್ಣಗಾಯಿತು. ಪೌಡರ್ ಕೋಟಿಂಗ್ ಅಂದರೆ ಓವನ್ನಿನಲ್ಲಿ ಬೇಯಿಸೋದು. ಅಲ್ಲಿ 180ರಿಂದ 200 ಡಿಗ್ರಿ ಬಿಸಿ ಇರುತ್ತದೆ. ಡೈವಿಂಗ್ ಸಿಲಿಂಡರಿನ ಅಲ್ಯುಮಿನಿಯಂಗೆ ಬಲ ಬರೋದೇ ಕಾರ್ಖಾನೆಯಲ್ಲಿ ಹದವಾಗಿ ಕಾಯಿಸಿ ಆರಿಸುವುದರಿಂದ. ಮತ್ತೆ ಅಷ್ಟು ಬಿಸಿ ಮಾಡಿದರೆ ಆ ಹದ ಕೆಡುತ್ತದೆ. ಹೊರಗಿನಿಂದ ಏನೂ ಗೊತ್ತಾಗಲ್ಲ. 207 ಬಾರ್ ತುಂಬುವವನು ಅದರ ಪಕ್ಕದಲ್ಲೇ ನಿಂತಿರುತ್ತಾನೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮಜ್ಜಿ ಹೇಳುತ್ತಿದ್ದದ್ದು ನೆನಪಾಯಿತು.

ಇದು ಇನ್ನು ಸಿಲಿಂಡರ್ ಅಲ್ಲ, ಗುಜರಿ, ಅಂತ ಹೇಳಿದಾಗ ಅವನ ಮುಖ ಸಣ್ಣದಾಯಿತು. ಬಣ್ಣಕ್ಕೆ ತನ್ನ ಸಂಬಳದ ದುಡ್ಡು ಹಾಕಿದ್ದ. ಒಂದು ಗಂಟೆ ಕೂತು ಮಾತಾಡಿದೆವು. ಕೊನೆಗೆ ಅವನೇ "ಕತ್ತರಿಸಿಬಿಡಿ ಅಕ್ಕ" ಅಂದ. ವಾಲ್ವ್ ತೆರೆದು ಪೂರ್ತಿ ಖಾಲಿ ಮಾಡಿ, ಬಿಚ್ಚಿ, ಎರಡು ಹೋಳು ಮಾಡಿಸಿದೆವು. ಅವನ ರೆಗ್ಯುಲೇಟರ್ ಚೆನ್ನಾಗಿತ್ತು, ಅದಕ್ಕೆ ಒಳ್ಳೆಯ ಬೆಲೆಯನ್ನೇ ಕೊಟ್ಟೆವು.

ಇನ್ನೊಂದು ಮಾತು ಹೇಳಲೇಬೇಕು. ಹೋದ ವರ್ಷ ಪಾಂಡವಪುರದ ಕಡೆಯಿಂದ ಒಬ್ಬರು ಬಂದರು. ವಿಸಿ ನಾಲೆಯಲ್ಲಿ ಯಾರಾದರೂ ಕೊಚ್ಚಿಹೋದರೆ ಅವರ ಊರಿನ ಸುತ್ತ ಜನ ಮೊದಲು ಕರೆಯೋದು ಇವರನ್ನು. ನೀರಿಗಿಳಿದು ಹುಡುಕಿಕೊಡುತ್ತಾರೆ. ಬಟ್ಟೆ ಚೀಲದಲ್ಲಿ ದುಡ್ಡು ತಂದಿದ್ದರು.

"ಮೇಡಂ, ಉಸಿರು ಕಟ್ಕೊಂಡು ಎರಡು ನಿಮಿಷ ಇರ್ತೀನಿ. ಈ ಮಿಷನ್ ಇದ್ರೆ ಅರ್ಧ ಗಂಟೆ ಹುಡುಕಬಹುದು ಅಲ್ವಾ? ಬೇಗ ಸಿಕ್ಕಿದ್ರೆ ಆ ಮನೆಯವ್ರಿಗೆ ಎಷ್ಟೋ ಸಮಾಧಾನ."

ಇಂಥವರಿಗೆ ಇಲ್ಲ ಅನ್ನೋದು ಎಷ್ಟು ಕಷ್ಟ ಅಂತ ಹೇಳೋಕೆ ಬರಲ್ಲ. ಆದರೆ ಅವರ ಅಪಾಯ ಇದ್ದದ್ದೇ ಅವರ ಜಾಣ್ಮೆಯಲ್ಲಿ. ನೀರಿನ ಕೆಳಗೆ ಸಿಲಿಂಡರಿನ ಗಾಳಿ ಎಳೆದುಕೊಂಡು, ಉಸಿರು ಕಟ್ಟಿ ಮೇಲೆ ಬಂದರೆ ಎದೆಯೊಳಗಿನ ಗಾಳಿ ಹಿಗ್ಗುತ್ತದೆ. ಒಂದೆರಡು ಮೀಟರ್ ಆಳ ಸಾಕು, ಶ್ವಾಸಕೋಶ ಹರಿಯಬಹುದು. ನಲವತ್ತು ವರ್ಷ ಉಸಿರು ಕಟ್ಟಿಯೇ ಬದುಕಿದವರು ಗಾಬರಿಯಲ್ಲಿ ಮಾಡೋದು ಅದನ್ನೇ ತಾನೇ? "ಅಣ್ಣ, ಕೋರ್ಸ್ ಮಾಡದೆ ಕೊಡಲ್ಲ" ಅಂದೆ. ಕಾಗದದ ಮೇಲೆ ಬಲೂನ್ ಬರೆದು ತೋರಿಸಿದೆ. ಅವರಿಗೆ ಬೇಜಾರಾಯಿತು. ಮಾಸ್ಕ್, ಫಿನ್, ಒಂದು ಲೈಫ್ ಜಾಕೆಟ್ ನಾವು ಕೊಂಡ ಬೆಲೆಗೇ ಕೊಟ್ಟೆವು. ಸೊಂಟಕ್ಕೆ ಹಗ್ಗ ಕಟ್ಟಿ, ದಡದಲ್ಲಿ ಒಬ್ಬರು ಹಿಡಿದಿರದೆ ಇಳಿಯಬೇಡಿ ಅಂತ ಯಜಮಾನರು ಗಂಟು ಹಾಕೋದನ್ನೂ ಕಲಿಸಿದರು.

ಈಗ ಅವರು ಆಗಾಗ ಫೋನ್ ಮಾಡುತ್ತಾರೆ. ಈ ಸಲ ಕಬ್ಬು ಕಡಿದು ದುಡ್ಡು ಬಂದ ಮೇಲೆ ಮುರ್ಡೇಶ್ವರಕ್ಕೆ ಹೋಗಿ ಕಲಿತು ಬರುತ್ತೇನೆ ಅಂದಿದ್ದಾರೆ. ಡಾಕ್ಟರಮ್ಮನ ರೆಗ್ಯುಲೇಟರನ್ನು ಅವರಿಗೆ ಅಂತ ಎತ್ತಿಟ್ಟಿದ್ದೇನೆ. ಹೊಸ ಸೀಟು, ಹೊಸ ಓ-ರಿಂಗ್ ಹಾಕಿದ್ದೇನೆ. ತಿಂಗಳಿಗೊಮ್ಮೆ ಗೇಜ್ ಹಾಕಿ, ಟೀ ಕುಡಿದು ಬಂದು, ಮುಳ್ಳು ಎಲ್ಲಿದೆ ಅಂತ ಚೀಟಿಯಲ್ಲಿ ಬರೆದಿಡುತ್ತೇನೆ. ಮೊನ್ನೆ ನೋಡಿದಾಗಲೂ ಒಂಬತ್ತೂವರೆಯಲ್ಲೇ ಇತ್ತು.