ಸ್ಟೀಲ್ ತಂತಿಗೆ ಪಳಗಿದ ಕೈಗೆ ಎಂಥ ನೈಲಾನ್ ಗಿಟಾರ್?

ಸ್ಟೀಲ್ ತಂತಿಯ ಗಿಟಾರ್ ನುಡಿಸುವವರು ನೈಲಾನ್ ಗಿಟಾರ್ ತಗೊಳ್ಳಲು ಹೊರಟರೆ ಮೊದಲು ಕೇಳುವುದು ಸೌಂಡ್ ಹೇಗಿದೆ ಅಂತ. ಮೊದಲು ನೆಕ್, ಅಂದರೆ ಎಡಗೈ ಹಿಡಿಯುವ ಉದ್ದ ಭಾಗ, ನೋಡಿ ಅಂತ ನಾನು ಹೇಳುತ್ತೇನೆ. ತಂತಿ ಬದಲಾದರೆ ಬೆರಳು ಕೆಲವು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ನೆಕ್ಕೇ ಪೂರ್ತಿ ಬೇರೆಯಾದರೆ ಇಷ್ಟು ವರ್ಷ ಕಣ್ಣು ಮುಚ್ಚಿ ಹಿಡಿಯುತ್ತಿದ್ದ ಕಾರ್ಡ್‌ಗಳೆಲ್ಲ ತಪ್ಪಲು ಶುರುವಾಗುತ್ತವೆ, ಆಮೇಲೆ ಆ ಗಿಟಾರ್ ಮೂಲೆ ಸೇರುತ್ತದೆ.

ನನಗೆ ನೈಲಾನ್ ಬೇಕು ಅನ್ನಿಸಿದ್ದಕ್ಕೆ ಎರಡು ಕಾರಣ. ಒಂದು ನಮ್ಮೂರಿನ ಹವೆ. ಬದಿಯಡ್ಕದ ಈ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಆಟಿ (ತುಳು ತಿಂಗಳು, ಜುಲೈ–ಆಗಸ್ಟ್) ಮುಗಿಯುವವರೆಗೂ ಸರಿಯಾಗಿ ಬಿಡುವುದಿಲ್ಲ, ಕಡಲೂ ದೂರ ಇಲ್ಲ. ಹೊಸ ಸ್ಟೀಲ್ ತಂತಿ ಹಾಕಿದರೆ ಬಹಳ ಬೇಗ ಮಂಕಾಗುತ್ತದೆ, ಮೇಲಿನ ಎರಡು ತೆಳು ತಂತಿಗಳಲ್ಲಿ ತುಕ್ಕು ಬೆರಳಿಗೇ ತಾಗುತ್ತದೆ. ನೈಲಾನಿಗೆ ತುಕ್ಕಿನ ಭಯವಿಲ್ಲ. ಲೋಹ ಸುತ್ತಿದ ಮೂರು ದಪ್ಪ ತಂತಿಗಳು ಕಪ್ಪಾಗುತ್ತವೆ, ಅಷ್ಟೆ.

ಇನ್ನೊಂದು ಕಾರಣ ನಮ್ಮ ಅಕ್ಕನ ಹಾಡು. ಅವಳು ಭಾವಗೀತೆ ಹಾಡುವಾಗ ನಾನು ಜೊತೆಗೆ ನುಡಿಸುತ್ತೇನೆ. ಸ್ಟೀಲ್ ತಂತಿಯಲ್ಲಿ ಮೇಲಿನ ಸ್ವರಾಂಶಗಳು ಜಾಸ್ತಿ, ಮೀಟಿದ ಕೂಡಲೇ ಚುರುಕಾಗಿ ಹೊರಡುತ್ತವೆ, ಹಾಡಿನ ಮಾತು ಅದರಡಿ ಸಿಕ್ಕಿಹಾಕಿಕೊಳ್ಳುತ್ತದೆ. ನೈಲಾನಿನಲ್ಲಿ ಆ ಅಂಶ ಬೇಗ ಇಳಿದು ಹೋಗುತ್ತದೆ, ದನಿಗೆ ಜಾಗ ಸಿಗುತ್ತದೆ. ಮೆಲ್ಲಗೆ ಹಾಡುವವರ ಜೊತೆ ಇದು ತುಂಬಾ ದೊಡ್ಡ ವ್ಯತ್ಯಾಸ.

"ಹಾಗಾದ್ರೆ ಸುಮ್ನೆ ಒಂದು ಕ್ಲಾಸಿಕಲ್ ಗಿಟಾರ್ ತಗೊಳ್ಳಬಾರದಾ ಮಾರಾಯಾ, ಕ್ರಾಸ್‌ಓವರ್ ಎಲ್ಲ ಯಾಕೆ?" ಅಂತ ಗೆಳೆಯ ಕೇಳಿದ. ಕೇಳಬೇಕಾದ ಪ್ರಶ್ನೆಯೇ ಅದು. ಕ್ರಾಸ್‌ಓವರ್ ಅಂದರೆ ಸ್ಟೀಲ್ ಗಿಟಾರಿನ ನೆಕ್ಕಿಗೆ ಹತ್ತಿರದ, ಕಿರಿದಾದ ನೆಕ್ ಇರುವ ನೈಲಾನ್ ಗಿಟಾರ್. ಉತ್ತರ ಇರುವುದು ಕೆಲವು ಮಿಲಿಮೀಟರ್‌ಗಳಲ್ಲಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಕಾಣುವ ಯಮಹಾ ಎಫ್310 ಗಿಟಾರಿನ ನಟ್ (ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಅಗಲ 43 ಮಿ.ಮೀ. ಕ್ಲಾಸಿಕಲ್ ಗಿಟಾರಿನದ್ದು 52 ಮಿ.ಮೀ., ಬೆರಳಿಡುವ ಹಲಗೆ ಪೂರ್ತಿ ಸಮತಟ್ಟು. ಸ್ಟೀಲ್ ಗಿಟಾರಿನ ಹಲಗೆಗೆ ಸಣ್ಣ ಉಬ್ಬು ಇರುತ್ತದೆ, ಸಾಮಾನ್ಯವಾಗಿ 12ರಿಂದ 16 ಇಂಚಿನ ರೇಡಿಯಸ್. ಒಂದೇ ಬೆರಳಲ್ಲಿ ಎಲ್ಲ ತಂತಿ ಒತ್ತುವ ಬಾರೆ ಕಾರ್ಡ್ ಹಿಡಿಯುವಾಗ ತೋರುಬೆರಳಿಗೆ ಆ ಉಬ್ಬು ಎಷ್ಟು ಸಹಾಯ ಮಾಡುತ್ತಿತ್ತು ಅಂತ ಅದು ಇಲ್ಲದಿದ್ದಾಗಲೇ ಗೊತ್ತಾಗುವುದು. ಜೊತೆಗೆ ಕ್ಲಾಸಿಕಲ್ ಗಿಟಾರಿನ ನೆಕ್ ದೇಹಕ್ಕೆ ಸೇರುವುದು 12ನೇ ಫ್ರೆಟ್‌ನಲ್ಲಿ (ಹಲಗೆಯ ಮೇಲಿನ ಲೋಹದ ಅಡ್ಡಗೆರೆ), ನಮಗೆ ಅಭ್ಯಾಸವಿರುವುದು 14ನೇ ಫ್ರೆಟ್. ಕಟ್‌ಅವೇ (ಮೇಲಿನ ಸ್ವರಗಳಿಗೆ ಕೈ ಹೋಗಲು ದೇಹದಲ್ಲಿ ಕತ್ತರಿಸಿದ ಜಾಗ) ಕೂಡ ಹೆಚ್ಚಿನವಕ್ಕೆ ಇರುವುದಿಲ್ಲ.

ಕ್ಲಾಸಿಕಲ್ ಕಲಿಯುವವರಿಗೆ ಈ ಅಗಲ ಬೇಕೇ ಬೇಕು. ಅವರು ಹೆಬ್ಬೆರಳನ್ನು ನೆಕ್ಕಿನ ಹಿಂದೆ ಮಧ್ಯದಲ್ಲಿ ಇಟ್ಟುಕೊಂಡು, ಎಡಗಾಲಿನ ಕೆಳಗೆ ಫುಟ್‌ಸ್ಟೂಲ್ ಇಟ್ಟು, ನೆಕ್ಕನ್ನು ಎತ್ತರಿಸಿ ಹಿಡಿಯುತ್ತಾರೆ. ನಾವು ಹಾಗಲ್ಲ. ಬಲತೊಡೆಯ ಮೇಲಿಟ್ಟು, ಹೆಬ್ಬೆರಳನ್ನು ಮೇಲಿನಿಂದ ಸುತ್ತಿ, ಬೇಕಾದಾಗ ಅದರಿಂದಲೇ ಆರನೇ ತಂತಿ ಒತ್ತುತ್ತೇವೆ. 52 ಮಿ.ಮೀ. ನೆಕ್ಕಿನಲ್ಲಿ ನನ್ನ ಹೆಬ್ಬೆರಳು ಅಲ್ಲಿಗೆ ಮುಟ್ಟುವುದೇ ಇಲ್ಲ. ಇದನ್ನು ಪರೀಕ್ಷೆ ಮಾಡಲು ದುಬಾರಿ ಗಿಟಾರ್ ಬೇಕಾಗಿಲ್ಲ. ಮಂಗಳೂರಿಗೆ ಹೋದಾಗ ಯಾವುದಾದರೂ ಅಂಗಡಿಯಲ್ಲಿ ಯಮಹಾ ಸಿ40 ಕೈಗೆತ್ತಿಕೊಳ್ಳಿ, ಅದು ಸರಿಯಾದ ಕ್ಲಾಸಿಕಲ್ ಅಳತೆಯದ್ದು. ನೀವು ದಿನಾ ನುಡಿಸುವ ಹಾಡನ್ನೇ, ನೀವು ದಿನಾ ಕೂರುವ ಹಾಗೇ ಕೂತು ನುಡಿಸಿ. ಹತ್ತು ನಿಮಿಷದಲ್ಲಿ ಮಣಿಕಟ್ಟು ನಿಜ ಹೇಳುತ್ತದೆ. ಆರಾಮವಾಗಿದ್ದರೆ ಕ್ರಾಸ್‌ಓವರ್ ಬೇಡವೇ ಬೇಡ, ದುಡ್ಡು ಉಳಿಸಿ.

ಹಾಗಂತ ನೈಲಾನ್ ಗಿಟಾರ್‌ಗೂ 43 ಮಿ.ಮೀ. ನೆಕ್ಕೇ ಬೇಕು ಅಂತ ಹಟ ಹಿಡಿಯಬಾರದು. ನೈಲಾನ್ ತಂತಿ ದಪ್ಪ, ಬಿಗಿತ ಕಮ್ಮಿ, ಅಲುಗುವ ಅಗಲ ಜಾಸ್ತಿ. ತೀರಾ ಹತ್ತಿರ ಹತ್ತಿರ ಇದ್ದರೆ ಒಂದು ತಂತಿ ಒತ್ತುವಾಗ ಪಕ್ಕದ್ದಕ್ಕೆ ಬೆರಳು ತಾಗಿ ಸದ್ದು ಸಾಯುತ್ತದೆ. ನನ್ನ ಕೈಗೆ 48 ಮಿ.ಮೀ. ಸರಿ ಅನ್ನಿಸಿತು. ಯಮಹಾ ಎನ್‌ಟಿಎಕ್ಸ್ ಸಾಲು, ಕೋರ್ಡೋಬಾದ ಫ್ಯೂಷನ್ ಸಾಲು ಇದೇ ಅಗಲದವು. ಟೇಲರ್‌ನ ಅಕಾಡೆಮಿ 12 ಎನ್ ಕೂಡ ಹೆಚ್ಚುಕಮ್ಮಿ ಅಷ್ಟೇ, ಆದರೆ ಅದರ ನೆಕ್ 12ನೇ ಫ್ರೆಟ್‌ಗೆ ಸೇರುತ್ತದೆ. ಯಮಹಾದಲ್ಲಿ ಒಂದು ವಿಷಯ ಗಮನಿಸಿ: ಎನ್‌ಟಿಎಕ್ಸ್, ಎನ್‌ಸಿಎಕ್ಸ್ ಅಂತ ಎರಡಿವೆ. ಹೆಸರು ನೋಡಿದರೆ ಒಂದೇ ಥರ. ಎನ್‌ಸಿಎಕ್ಸ್ 52 ಮಿ.ಮೀ. ನೆಕ್ಕಿನ, 12ನೇ ಫ್ರೆಟ್‌ನಲ್ಲಿ ದೇಹಕ್ಕೆ ಸೇರುವ, ಕ್ಲಾಸಿಕಲ್ ಕೈಯವರ ಗಿಟಾರ್. ಆನ್‌ಲೈನ್‌ನಲ್ಲಿ ಆರ್ಡರ್ ಮಾಡುವವರು ಒಂದು ಅಕ್ಷರ ಸರಿಯಾಗಿ ಓದಿಕೊಳ್ಳಬೇಕು. ಕ್ರಾಸ್‌ಓವರ್ ಅಂಗಡಿಗಳಲ್ಲಿ ನೋಡಲು ಸಿಗುವುದು ಅಪರೂಪ, ಹಾಗಾಗಿ ಆರ್ಡರ್ ಮಾಡಬೇಕಾಗಿಯೇ ಬರುತ್ತದೆ.

ನಾನು ತಗೊಂಡದ್ದು ಎನ್‌ಟಿಎಕ್ಸ್1. ಇದರ ದೇಹ ತೆಳು. ಪ್ಲಗ್ ಹಾಕದೆ ನುಡಿಸಿದರೆ ಮನೆಯ ಚಾವಡಿಗೆ ಸಾಕು, ಹತ್ತು ಜನ ಕೂತು ಚಪ್ಪಾಳೆ ತಟ್ಟಿ ಭಜನೆ ಮಾಡುವಲ್ಲಿ ಸಾಲದು. ಮೈಕಿಲ್ಲದೆ ನುಡಿಸುವುದೇ ನಿಮ್ಮ ಕೆಲಸವಾದರೆ ದಪ್ಪ ದೇಹದ ಗಿಟಾರ್ ಹುಡುಕಿ. ನಾನು ಜಾಸ್ತಿ ನುಡಿಸುವುದು ಭಜನಾ ಮಂದಿರದಲ್ಲಿ, ಅಲ್ಲಿ ಮೈಕ್ ಸೆಟ್ ಇದ್ದೇ ಇರುತ್ತದೆ. ತೆಳು ದೇಹದ ಗಿಟಾರ್ ಅಲ್ಲಿ ಸ್ಪೀಕರ್ ಪಕ್ಕ ಕೂತರೂ ಕೂಗುವುದು ಕಮ್ಮಿ. ಸ್ಟೀಲ್ ಗಿಟಾರಿನ ಸೌಂಡ್‌ಹೋಲ್‌ಗೆ ಸಿಕ್ಕಿಸುವ ಮ್ಯಾಗ್ನೆಟಿಕ್ ಪಿಕಪ್ ನಿಮ್ಮ ಹತ್ತಿರ ಇದ್ದರೆ ಅದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ ಕಬ್ಬಿಣದ ಅಂಶವಿರುವ ತಂತಿ ಅಲುಗಬೇಕು, ನೈಲಾನ್ ಅಲುಗಿದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಕೆಳಗೆ, ಕಂಪನ ಹಿಡಿಯುವ ಪಿಯೆಜೋ ಪಿಕಪ್ ಇರುವುದನ್ನೇ ತಗೊಳ್ಳಿ.

ಕಾಪೋ, ಅಂದರೆ ಶ್ರುತಿ ಏರಿಸಲು ಎಲ್ಲ ತಂತಿ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಅದರ ವಿಷಯವೂ ಹೀಗೇ. ಮಂದಿರದಲ್ಲಿ ಶ್ರುತಿ ಹಾರ್ಮೋನಿಯಮ್ಮಿನದ್ದು. ಇವತ್ತು ಕಪ್ಪು ಒಂದು (ಸಿ ಶಾರ್ಪ್), ನಾಳೆ ಅಕ್ಕ ಹಾಡಿದರೆ ಕಪ್ಪು ನಾಲ್ಕು (ಜಿ ಶಾರ್ಪ್). ಸಿ ಶೇಪ್ ಹಿಡಿದು ಒಂದನೇ ಫ್ರೆಟ್‌ಗೆ ಕಾಪೋ, ಇ ಶೇಪ್ ಹಿಡಿದು ನಾಲ್ಕನೇ ಫ್ರೆಟ್‌ಗೆ ಕಾಪೋ, ಹೀಗೆ ಸಾಗಬೇಕು. ಸ್ಟೀಲ್ ಗಿಟಾರಿನ ಕಾಪೋ ಉಬ್ಬು ಹಲಗೆಗೆ ಮಾಡಿದ್ದು, ಸಮತಟ್ಟು ಹಲಗೆಯಲ್ಲಿ ನಡುವಿನ ತಂತಿಗಳನ್ನು ಸರಿಯಾಗಿ ಒತ್ತುವುದಿಲ್ಲ. ನೈಲಾನ್ ಗಿಟಾರಿನ ಅಗಲ ಕಾಪೋ ಬೇರೆಯೇ ಸಿಗುತ್ತದೆ, ಗಿಟಾರ್ ಜೊತೆಗೇ ತಗೊಂಡುಬಿಡಿ.

ನನಗೆ ತುಂಬಾ ಖುಷಿ ಕೊಟ್ಟದ್ದು ಗಮಕ. ಸ್ಟೀಲಿನಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಸಲೀಸಾಗಿ ಏರುತ್ತದೆ. ನೈಲಾನಿನಲ್ಲಿ ಅಷ್ಟೇ ಎಳೆದರೆ ಅಷ್ಟು ಏರುವುದಿಲ್ಲ, ತಂತಿ ಸ್ಟೀಲಿಗಿಂತ ಸುಲಭವಾಗಿ ಹಿಗ್ಗುವುದರಿಂದ ಬಿಗಿತ ಅಷ್ಟು ಹೆಚ್ಚುವುದಿಲ್ಲ. ಮೊದಲು ಇದು ಕೊರತೆ ಅನ್ನಿಸಬಹುದು. ಆದರೆ ಮೇಲಿನ ಮೂರು ತಂತಿ ಬರಿಯ ನೈಲಾನ್, ಸುತ್ತು ಇಲ್ಲ. ಬೆರಳು ಜಾರಿಸಿದರೆ ಕಿರ್ ಅನ್ನುವ ಸದ್ದೇ ಬರುವುದಿಲ್ಲ, ಗಾಯಕರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಹಾಗೆ ಹೋಗಬಹುದು. ಮೋಹನ, ಹಿಂದೋಳದಂಥ ರಾಗದ ಭಜನೆಗಳಲ್ಲಿ ಎರಡನೇ ತಂತಿಯಲ್ಲೇ ಮೇಲೆ ಕೆಳಗೆ ಜಾರಿ ನೋಡಿ. 14ನೇ ಫ್ರೆಟ್‌ನಲ್ಲಿ ದೇಹಕ್ಕೆ ಸೇರುವ ನೆಕ್ ಬೇಕು ಅನ್ನುವುದು ನನಗೆ ಮುಖ್ಯವಾಗಿ ಇದಕ್ಕೇ.

ಮಳೆಗಾಲದಲ್ಲಿ ನೋಡಿಕೊಳ್ಳುವುದು ಸುಲಭ, ಆದರೆ ಬಿಡುವ ಹಾಗಿಲ್ಲ. ಪ್ಲೈ ಅಲ್ಲದ ಇಡೀ ಮರದ ಮೇಲ್ಹಲಗೆ ತೇವ ಕುಡಿದು ಉಬ್ಬುತ್ತದೆ, ಆಗ ತಂತಿ ಎತ್ತರವಾಗಿ ಒತ್ತಲು ಕಷ್ಟವಾಗುತ್ತದೆ. ಮರಕ್ಕೆ ಒಳ್ಳೆಯದು 45ರಿಂದ 55 ಶೇಕಡಾ ತೇವಾಂಶ, ನಮ್ಮಲ್ಲಿ ಜುಲೈಯಲ್ಲಿ ಅದು ಕನಸು. ಕೇಸಿನೊಳಗೆ ಸಿಲಿಕಾ ಜೆಲ್ ಇಟ್ಟು, ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರ್ ಇಟ್ಟು, ನುಡಿಸದಾಗ ಕೇಸ್ ಮುಚ್ಚಿಡಿ. ಗೋಡೆಗೆ ತೂಗುಹಾಕಬೇಡಿ. ಬದಿ ಮತ್ತು ಹಿಂಬದಿಗೆ ಪ್ಲೈ ಇದ್ದರೆ ಬೇಸರ ಬೇಡ, ಈ ಹವೆಯಲ್ಲಿ ಅದು ಒಳ್ಳೆಯದೇ.

ಇನ್ನು ಯಾರು ಏನೇ ಹೇಳಲಿ, ಇದಕ್ಕೆ ಸ್ಟೀಲ್ ತಂತಿ ಹಾಕಬೇಡಿ. ಲೈಟ್ ಸ್ಟೀಲ್ ಸೆಟ್ ಎಳೆಯುವುದು ಒಟ್ಟು ಸುಮಾರು 70 ಕೆ.ಜಿ., ನೈಲಾನ್ ಸೆಟ್ ಸುಮಾರು 40 ಕೆ.ಜಿ. ಒಳಗಿನ ಪಟ್ಟಿಗಳನ್ನು ಕಟ್ಟಿದ್ದೇ ಆ 40ರ ಲೆಕ್ಕಕ್ಕೆ, ಬ್ರಿಡ್ಜ್ ಕಿತ್ತು ಬರಬಹುದು.

ಹೊಸ ನೈಲಾನ್ ತಂತಿ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಕಾರ್ಯಕ್ರಮದ ಹಿಂದಿನ ದಿನ ಸೆಟ್ ಬದಲಾಯಿಸಬೇಡಿ. ಮೂರನೇ ತಂತಿ ಮಾತ್ರ ಸ್ಟೀಲ್ ಕೇಳಿ ಬಂದ ಕಿವಿಗೆ ಮಂದ ಅನ್ನಿಸುತ್ತದೆ, ಅದು ದಪ್ಪ ನೈಲಾನಿನ ಗುಣ. ಅದೊಂದಕ್ಕೆ ಕಾರ್ಬನ್ (ಫ್ಲೋರೋಕಾರ್ಬನ್ ಅನ್ನುವ ಪ್ಲಾಸ್ಟಿಕ್) ತಂತಿ ಹಾಕಿ. ಅದೇ ಸ್ವರಕ್ಕೆ ತೆಳುವಾದ ತಂತಿ ಸಾಕಾಗುತ್ತದೆ, ಸದ್ದು ಬಿಚ್ಚಿಕೊಳ್ಳುತ್ತದೆ. ನನ್ನದರಲ್ಲಿ ಈಗ ಇರುವುದು ಹಾಗೆಯೇ, ಒಂದು ಮತ್ತು ಎರಡು ನೈಲಾನ್, ಮೂರು ಕಾರ್ಬನ್.