ಆರ್ಬ್ರೋತಿಗೆ ಪಂದ್ಯ ನೋಡಲು ಹೋಗುವವರು ಕೋಣೆ ಹಿಡಿಯಬೇಡಿ

ಮೊದಲಿಗೇ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ಕಡಲತಡಿಯ ಊರಾದ ಆರ್ಬ್ರೋತಿಗೆ ಫುಟ್‌ಬಾಲ್ ಪಂದ್ಯ ನೋಡಲು ಹೋದವರು ಅಲ್ಲಿ ರಾತ್ರಿ ಉಳಿಯುವ ಅಗತ್ಯವಿಲ್ಲ. ಎಡಿನ್‌ಬರಾದಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ಶನಿವಾರ ಮೂರು ಗಂಟೆಗೆ ಶುರುವಾಗುವ ಪಂದ್ಯ ಐದರೊಳಗೆ ಮುಗಿಯುತ್ತದೆ, ಆಮೇಲೂ ರೈಲುಗಳಿವೆ. ಇದನ್ನು ವಿಚಾರಿಸದೆ ನಾನು 95 ಪೌಂಡ್ ತೆತ್ತು ಒಂದು ವಸತಿಗೃಹದಲ್ಲಿ ಕೋಣೆ ಹಿಡಿದೆ. ಸಮುದ್ರ ಕಾಣುವ ಕೋಣೆ ಎಂದು ಬರೆದಿದ್ದರು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಕತ್ತು ಹೊರಗೆ ಚಾಚಿದರೆ ಎರಡು ಹೊಗೆಗೊಳವೆಗಳ ನಡುವೆ ಬೆರಳಗಲದ ನೀರು. ಹೀಟರ್ ರಾತ್ರಿ ಒಂಬತ್ತಕ್ಕೆ ತಾನಾಗಿಯೇ ಆರಿಹೋಯಿತು. ಹೋಗಿ ಕೇಳಿದ್ದಕ್ಕೆ ತೆಳುವಾದ ಇನ್ನೊಂದು ಹೊದಿಕೆ ಕೊಟ್ಟು ಕಳಿಸಿದರು. ನವೆಂಬರ್ ತಿಂಗಳ ಚಳಿ. ಕೋಟು ತೊಟ್ಟೇ ಮಲಗಿದೆ. ಆ ಹಣವನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಲ್ಲಿಗೆ ಕಳಿಸಿದವಳು ಎಡಿನ್‌ಬರಾದಲ್ಲಿ ಓದುತ್ತಿರುವ ಅಕ್ಕನ ಮಗಳು. "ದೊಡ್ಡ ತಂಡಗಳ ಆಟವನ್ನು ಟಿ.ವಿ.ಯಲ್ಲೂ ನೋಡಬಹುದು ಮಾವ, ನೀವು ಗೇಫೀಲ್ಡಿಗೆ ಹೋಗಿ ಬನ್ನಿ. ಕಡಲಿಗೆ ಅಷ್ಟು ಹತ್ತಿರದ ಮೈದಾನ ಯುರೋಪಿನಲ್ಲೇ ಇಲ್ಲವಂತೆ" ಎಂದಳು. ನಾನು ಹೋದಾಗ ಆರ್ಬ್ರೋತ್ ತಂಡ ಸ್ಕಾಟ್ಲೆಂಡಿನ ಮೂರನೇ ದರ್ಜೆಯ ಲೀಗಿನಲ್ಲಿತ್ತು. ಅದೇ 2024-25ರ ಸಾಲಿನಲ್ಲಿ ಆ ಲೀಗನ್ನು ಗೆದ್ದು ಎರಡನೇ ದರ್ಜೆಗೆ ಏರಿತು.

ನಿಲ್ದಾಣದಿಂದ ಮೈದಾನಕ್ಕೆ ಹದಿನೈದು ನಿಮಿಷ ನಡೆದರೆ ಸಾಕು, ಟ್ಯಾಕ್ಸಿ ಬೇಡ. ಮೈದಾನದ ಒಂದು ಬದಿಯ ಗೋಡೆ ದಾಟಿದರೆ ಕಡಲೇ. ಕುಳಿತು ನೋಡುವ ಜಾಗ ಒಂದೇ ಪಕ್ಕದಲ್ಲಿದೆ, ಉಳಿದ ಮೂರೂ ಕಡೆ ಕಾಂಕ್ರೀಟ್ ಮೆಟ್ಟಿಲುಗಳ ಮೇಲೆ ನಿಲ್ಲಬೇಕು. ಮಂಡಿನೋವು ಇಲ್ಲದವರು ನಿಂತೇ ನೋಡಿ ಎಂಬುದು ನನ್ನ ಸಲಹೆ. ಆಟಗಾರರ ಕೂಗು, ಬೂಟಿಗೆ ಚೆಂಡು ತಾಗುವ ಸದ್ದು, ಎಲ್ಲವೂ ಕೈಯಳತೆಯಲ್ಲಿ ಕೇಳುತ್ತದೆ. ಗದ್ದಲ, ನೂಕುನುಗ್ಗಲು ನನಗೆ ಆಗದು. ಇಲ್ಲಿ ಅದರ ಭಯವೇ ಇಲ್ಲ. ವಿರಾಮದಲ್ಲಿ ಜನ ನಿಂತ ಜಾಗ ಬಿಟ್ಟು ಸಾಲಾಗಿ ಹೊರಟರು. ಯಾಕೆಂದು ಪಕ್ಕದ ಹಿರಿಯರನ್ನು ಕೇಳಿದೆ. "ನಮ್ಮವರು ಈಗ ಆ ಕಡೆಯ ಗೋಲಿಗೆ ಹೊಡೆಯುತ್ತಾರಲ್ಲ, ನಾವು ಇಲ್ಲಿ ನಿಂತು ಏನು ಮಾಡುವುದು? ಬನ್ನಿ" ಎಂದು ನನ್ನನ್ನೂ ಕರೆದೊಯ್ದರು.

ಗಾಳಿಯ ವಿಷಯ ಹೇಳಲೇಬೇಕು. ನಾನು ಮಲ್ಪೆಯ ಕಡಲ ಗಾಳಿಯಲ್ಲೇ ಬೆಳೆದವನು, ಮುಂಗಾರಿನ ಅಬ್ಬರ ನೋಡಿದವನು. ಇಲ್ಲಿನ ಗಾಳಿಯ ಜಾತಿಯೇ ಬೇರೆ. ನಮ್ಮದು ತಳ್ಳುತ್ತದೆ, ಇದು ಕೊರೆಯುತ್ತದೆ. ಗೋಲ್‌ಕೀಪರ್ ಎತ್ತರಕ್ಕೆ ಒದ್ದ ಚೆಂಡು ಅರ್ಧ ದಾರಿಯಲ್ಲಿ ನಿಂತಂತಾಗಿ, ತಿರುಗಿ, ಅವನ ಕಡೆಗೇ ಬಂದು ಬಿದ್ದುದನ್ನು ಕಣ್ಣಾರೆ ಕಂಡೆ. ನಾಲ್ಕು ಗಂಟೆಗೆಲ್ಲ ಕತ್ತಲು ಕವಿದು ದೀಪಗಳ ಬೆಳಕಿನಲ್ಲಿ ನೀರ ಹನಿಗಳು ಅಡ್ಡಡ್ಡ ಹಾರುತ್ತಿದ್ದವು. ತುಟಿ ಸವರಿಕೊಂಡರೆ ಉಪ್ಪು. ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿ, ಗಾಳಿ ತಡೆಯುವ ಕೋಟು, ಕೈಗವಸು ಬೇಕೇ ಬೇಕು. ಕೊಡೆ ಒಯ್ಯಬೇಡಿ, ಒಂದು ನಿಮಿಷವೂ ನಿಲ್ಲದು.

ದಾಖಲೆ ಪ್ರಿಯರಿಗೆ ಇನ್ನೊಂದು ಕಾರಣವಿದೆ. 1885ರ ಸೆಪ್ಟೆಂಬರ್ 12ರಂದು ಸ್ಕಾಟಿಷ್ ಕಪ್ಪಿನಲ್ಲಿ ಆರ್ಬ್ರೋತ್ ತಂಡ ಅಬರ್ಡೀನಿನ ಬಾನ್ ಅಕಾರ್ಡ್ ತಂಡವನ್ನು 36-0 ಗೋಲುಗಳಿಂದ ಸೋಲಿಸಿತು. ಜಾನ್ ಪೆಟ್ರಿ ಒಬ್ಬರೇ ಹೊಡೆದದ್ದು 13. ಅದೇ ದಿನ, ಅದೇ ಕಪ್ಪಿನಲ್ಲಿ, ಹತ್ತಿರದ ಡಂಡಿಯಲ್ಲಿ ಇನ್ನೊಂದು ಪಂದ್ಯ 35-0ಗೆ ಮುಗಿದಿತ್ತು! ನಾನು ನೋಡಿದ ಪಂದ್ಯದಲ್ಲಿ ಬಿದ್ದದ್ದು ಒಂದೇ ಗೋಲು, ಆದರೂ ಮನಸ್ಸು ತುಂಬಿತು.

ಮೈದಾನದಲ್ಲಿ ಮಾಂಸದ ಪೈ ಸಿಗುತ್ತದೆ. ಸ್ಕಾಟ್ಲೆಂಡಿನಲ್ಲಿ ಮ್ಯಾಕರೋನಿ ಮತ್ತು ಚೀಸ್ ತುಂಬಿದ ಪೈಯೂ ಉಂಟು. ಸಸ್ಯಾಹಾರಿಗಳು ಹೊರಗಿನ ಹಿಟ್ಟಿಗೆ ಪ್ರಾಣಿಯ ಕೊಬ್ಬು ಸೇರಿಸಿದ್ದಾರೆಯೇ ಎಂದು ಕೇಳಿಯೇ ತಿನ್ನಿ. ಮೀನು ತಿನ್ನುವವರಾದರೆ ಹಸಿವನ್ನು ಬಂದರಿಗೆ ಉಳಿಸಿಕೊಳ್ಳಿ. ಮೈದಾನದಿಂದ ಕೆಲವೇ ಹೆಜ್ಜೆ. ಅಲ್ಲಿನ ಹೊಗೆಮನೆಗಳಲ್ಲಿ "ಸ್ಮೋಕಿ" ಸಿಗುತ್ತದೆ. ಹ್ಯಾಡಕ್ ಮೀನನ್ನು ಉಪ್ಪು ಹಚ್ಚಿಟ್ಟು, ಎರಡೆರಡನ್ನು ಬಾಲಕ್ಕೆ ಬಾಲ ಸೇರಿಸಿ ದಾರದಿಂದ ಕಟ್ಟಿ, ಕೋಲಿಗೆ ತೂಗುಹಾಕಿ, ಗಟ್ಟಿ ಮರದ ಕೆಂಡದ ಮೇಲೆ ಒದ್ದೆ ಗೋಣಿ ಮುಚ್ಚಿ ಬೇಯಿಸುತ್ತಾರೆ. ನಮ್ಮ ಮಟ್ಟುಗುಳ್ಳಕ್ಕೆ ಇರುವಂಥ ಭೌಗೋಳಿಕ ಸೂಚಿಕೆ ಇದಕ್ಕೂ 2004ರಲ್ಲಿ ಸಿಕ್ಕಿದೆ. ಊರಿನ ಸುತ್ತ 8 ಕಿ.ಮೀ. ಒಳಗೆ ಮಾಡಿದ್ದನ್ನು ಮಾತ್ರ "ಆರ್ಬ್ರೋತ್ ಸ್ಮೋಕಿ" ಎಂಬ ಹೆಸರಿನಲ್ಲಿ ಮಾರಬಹುದು.

ಪಂದ್ಯಕ್ಕೆ ಮುಂಚೆ ಕೊಂಡದ್ದು ಕಾಗದದಲ್ಲಿ ಸುತ್ತಿದ ಬಿಸಿ ಜೋಡಿ. ಚರ್ಮ ತಾಮ್ರದ ಬಣ್ಣ. ಅಂಗಡಿಯಾಕೆ ಹೇಳಿಕೊಟ್ಟಂತೆ ಬೆನ್ನಿನುದ್ದಕ್ಕೂ ಹೆಬ್ಬೆರಳು ಒತ್ತಿ ಬಿಡಿಸಿದೆ. ನಡುಮುಳ್ಳು ಬಾಚಣಿಗೆಯಂತೆ ಇಡಿಯಾಗಿ ಎದ್ದು ಬಂತು. ಒಳಗೆ ಕೆನೆಬಣ್ಣದ ದಳಗಳು, ಅದರಿಂದ ಏಳುವ ಹಬೆ, ಬೆರಳಿಗೆ ಅಂಟುವ ಎಣ್ಣೆ. ಮಸಾಲೆಯಿಲ್ಲದ ಮೀನು ಸಪ್ಪೆ ಎಂದು ಇಷ್ಟು ವರ್ಷ ನಂಬಿದ್ದೆ. ಬಂದರಿನ ಕಟ್ಟೆಯ ಮೇಲೆ ಕುಳಿತು ಎರಡನ್ನೂ ಮುಗಿಸಿ, ಪಂದ್ಯ ಮುಗಿದ ಮೇಲೆ ಮತ್ತೆ ಹೋದರೆ ಬಾಗಿಲು ಹಾಕಿತ್ತು. ಆದ್ದರಿಂದ ಮಧ್ಯಾಹ್ನವೇ ತಿನ್ನಿ. ನನ್ನ ಕೋಣೆಯ ಬಾಡಿಗೆಯಲ್ಲಿ ಒಂದು ಕುಟುಂಬವೇ ಹೊಟ್ಟೆತುಂಬ ಉಣ್ಣಬಹುದಿತ್ತು.

ಸ್ಕಾಟ್ಲೆಂಡಿನ ಸ್ವಾತಂತ್ರ್ಯವನ್ನು ಸಾರಿದ 1320ರ ಪತ್ರಕ್ಕೆ ಹೆಸರಾದ ಮಠದ ಅವಶೇಷವೂ ಊರೊಳಗಿದೆ. ಅರ್ಧ ಗಂಟೆ ಸಾಕು.

ಹೊರಡುವ ದಿನ ಬೆಳಿಗ್ಗೆ ಪಂದ್ಯ ನಡೆಯುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ಹವೆ ಕೆಟ್ಟರೆ ರದ್ದಾಗುವುದುಂಟು. ಹೋಗುವಾಗ ರೈಲಿನಲ್ಲಿ ಬಲಗಡೆಯ ಕಿಟಕಿ ಹಿಡಿಯಿರಿ. ಟೇ ನದಿಯ ಸೇತುವೆ ದಾಟುವಾಗ ನೀರಿನಿಂದ ತಲೆಯೆತ್ತಿದ ಮೋಟು ಕಂಬಗಳ ಸಾಲು ಕಾಣುತ್ತದೆ. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ರೈಲಿನ ಸಮೇತ ಕುಸಿದ ಹಳೆಯ ಸೇತುವೆಯ ಬುಡಗಳು ಅವು. ಚಳಿಗಾಲದಲ್ಲಿ ಮರಳುವ ಹೊತ್ತಿಗೆ ಕತ್ತಲಾಗಿರುತ್ತದೆ, ಹೋಗುವಾಗಲೇ ನೋಡಿಕೊಳ್ಳಿ.